ಅಲ್ಲಾಡಬೇಡಿ

ಆ ಬೆಳಿಗ್ಗೆ ಗಾಳಿಗೆ ಹುಚ್ಚು ಹಿಡಿದಂತಿತ್ತು. ಬೀದಿಯ ಧೂಳನ್ನೆಲ್ಲ ಎತ್ತಿ ಅಕ್ಕನ ಮುಖಕ್ಕೇ ಎರಚಿತು, ತಲೆಗೂದಲು ಕೆದರಿತು, ಹಿಂದಿನಿಂದ ನೂಕಿ ನೂಕಿ ಅವಳನ್ನು ಗ್ಯಾರೇಜಿನ ಬಾಗಿಲಿಗೆ ತಂದು ನಿಲ್ಲಿಸಿತು. ದಾರಿಯುದ್ದಕ್ಕೂ ಅವಳು ತಮ್ಮನಿಗೆ ಹೇಳಬೇಕಾದ ಒಂದೇ ಮಾತನ್ನು ಬಾಯಿಪಾಠ ಮಾಡುತ್ತ ಬಂದಿದ್ದಳು: ‘ಅಪ್ಪನ ಕಾರು ನೀನೇ ಇಟ್ಕೋ. ಇನ್ನು ಮೇಲೆ ನಾನು ನಿನಗೆ ಅಕ್ಕ ಅಲ್ಲ, ನೀನು ನನಗೆ ತಮ್ಮ ಅಲ್ಲ.’

ಅಪ್ಪ ಕಣ್ಣು ಮುಚ್ಚುವ ಮೊದಲು ಹೇಳಿದ್ದರಲ್ಲಿ ಗೊಂದಲವೇನೂ ಇರಲಿಲ್ಲ. ನಲವತ್ತೈದು ವರ್ಷದ ಆ ಹಳೆಯ ಕಾರು ಆರು ತಿಂಗಳು ಮಗಳಿಗೆ, ಆರು ತಿಂಗಳು ಮಗನಿಗೆ. ಎರಡು ವರ್ಷವಾಯಿತು, ಅಕ್ಕನ ಆರು ತಿಂಗಳು ಮಾತ್ರ ಯಾವ ಕ್ಯಾಲೆಂಡರಿನಲ್ಲೂ ಬರಲಿಲ್ಲ. ಕೇಳಿದಾಗಲೆಲ್ಲ ತಮ್ಮನದು ಒಂದೇ ರಾಗ: “ಕೆಳಗಡೆ ಚಕ್ರದ ಹತ್ರ ರಬ್ಬರ್ ಬುಷ್ ಹೋಗಿದೆ, ಗಡಗಡ ಅನ್ನುತ್ತೆ. ಸರಿ ಮಾಡ್ಸಿ ಕೊಡ್ತೀನಿ.”

ಒಳಗೆ ಕಾರು ರಿಪೇರಿ ಗುಂಡಿಯ ಎರಡೂ ಅಂಚಿಗೆ ನಾಲ್ಕೂ ಚಕ್ರ ಊರಿ ನಿಂತಿತ್ತು. ತಮ್ಮ ಸ್ಟಿಯರಿಂಗ್ ಹಿಡಿದು, ಪ್ರಾರ್ಥನೆಗೆ ಕೂತವನಂತೆ ನೆಟ್ಟಗೆ ಕೂತಿದ್ದ. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಗುಂಡಿಯೊಳಗಿಂದ ಗ್ರೀಸು ಮೆತ್ತಿದ ತಲೆಯೊಂದು ಮೇಲೆದ್ದಿತು. ನೆಲದ ಮೇಲೆ ಇರುವುದಕ್ಕಿಂತ ನೆಲದ ಕೆಳಗೇ ಹೆಚ್ಚು ಹೊತ್ತು ಇರುವವನಾದ್ದರಿಂದ ಬೀದಿಯವರು ಅವನನ್ನು ಗುಂಡಿ ಮೇಸ್ತ್ರಿ ಎನ್ನುತ್ತಿದ್ದರು.

“ಅಮ್ಮಾ, ನಿಮ್ಮ ತೂಕ ಎಷ್ಟು?”

ಅಕ್ಕನಿಗೆ ಪಿತ್ತ ನೆತ್ತಿಗೇರಿತು. “ಏನಂದ್ರಿ?”

“ಕೋಪ ಮಾಡ್ಕೋಬೇಡಿ. ಪಕ್ಕದ ಸೀಟಿಗೆ ಒಂದಾಳು ಭಾರ ಬೇಕಿತ್ತು, ದೇವರೇ ಕಳಿಸಿದ ಹಾಗೆ ಬಂದ್ರಿ. ಹೋದ ಸಲ ಈ ಸಾರ್ ಮನೇಲಿ ತಾವೇ ಜಾಕ್ ಕೊಟ್ಟು ಹೊಸ ಬುಷ್ ಹಾಕಿದ್ರಂತೆ. ಚಕ್ರ ನೇತಾಡ್ತಿರೋವಾಗಲೇ ಬೋಲ್ಟ್ ಬಿಗಿದುಬಿಟ್ಟಿದ್ದಾರೆ! ಗಾಡಿ ಕೆಳಗಿಳಿದ ಕೂಡಲೇ ಒಳಗಿನ ರಬ್ಬರು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ತು. ಎರಡೇ ತಿಂಗಳಿಗೆ ಹರಿದು ಚಿಂದಿ. ಬಿಗಿಯೋದು ಗಾಡಿ ನೆಲದ ಮೇಲೆ ನಿಂತು, ಜನ ಒಳಗೆ ಕೂತ ಮೇಲೆ.”

“ಪುಸ್ತಕದಲ್ಲಿ ಹಾಗೆ ಬರೆದಿರಲಿಲ್ಲ,” ತಮ್ಮ ಗೊಣಗಿದ.

“ಬರೆದಿರುತ್ತೆ ಸಾರ್. ಮುಂದಿನ ಪುಟದಲ್ಲಿ.”

ಕೂತೇ ಹೇಳಿದರಾಯಿತು ಎಂದುಕೊಂಡು ಅಕ್ಕ ಹತ್ತಿ ಕೂತಳು. “ಅಪ್ಪನ ಕಾರು...” ಎಂದು ಶುರುಮಾಡಿದ್ದೇ ತಡ, ಕೆಳಗಿನಿಂದ ಕೂಗು ಬಂತು: “ಮಾತು ಬೇಡ! ಅಲ್ಲಾಡಬೇಡಿ! ಉಸಿರು ಮೆಲ್ಲಗೆ ಬಿಡಿ!”

ನಗು ದೇವರು ಕೊಟ್ಟ ವಿಚಿತ್ರ ವರ. ಬಾ ಎಂದರೆ ಬಾರದು, ಬೇಡ ಎಂದಲ್ಲಿ ಬಂದು ಚಕ್ಕಳಮಕ್ಕಳ ಹಾಕಿ ಕೂರುತ್ತದೆ. ಇಬ್ಬರೂ ಗೊಂಬೆಗಳ ಹಾಗೆ ಮುಂದೆ ನೋಡುತ್ತ ಕೂತರು. ಗಾಜಿನಾಚೆ ಹಗ್ಗಕ್ಕೆ ನೇತುಹಾಕಿದ್ದ ಮೇಸ್ತ್ರಿಯ ಪ್ಯಾಂಟು ಗಾಳಿ ತುಂಬಿ ಉಬ್ಬಿತು, ಒಂದು ಕಾಲೆತ್ತಿ ಝಾಡಿಸಿತು, ಆಮೇಲೆ ಇನ್ನೊಂದು ಕಾಲನ್ನೂ ಎತ್ತಿತು. ಅಕ್ಕ ತುಟಿ ಕಚ್ಚಿ ಹಿಡಿದಳು. ಹೊಟ್ಟೆ ಕುಲುಕಿತು. ಕಾರೂ ಕುಲುಕಿತು.

“ಯಾರದು ಅಲ್ಲಾಡ್ತಿರೋದು?”

“ನಾನಲ್ಲ, ಅಕ್ಕ!”

ಐವತ್ತೆರಡರ ತಮ್ಮನ ಬಾಯಿಂದ ಎಂಟು ವರ್ಷದ ಹುಡುಗನ ದನಿ ಬಂದಿತ್ತು. ಇದೇ ಕಾರಿನ ಹಿಂದಿನ ಸೀಟಿನಿಂದ ಅಪ್ಪನ ಕಿವಿಗೆ ಹೋಗುತ್ತಿದ್ದ ಚಾಡಿ, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. ಅಕ್ಕನ ಕಟ್ಟೆ ಒಡೆಯಿತು. ಅವಳು ನಕ್ಕಳು, ತಮ್ಮ ನಕ್ಕ, ಹಳೆಯ ಸ್ಪ್ರಿಂಗುಗಳು ಕುಂಯ್ ಕುಂಯ್ ಎಂದವು. ಕೆಳಗೆ ಸ್ಪ್ಯಾನರ್ ಠಣ್ಣೆಂದು ಬಿತ್ತು.

“ವಯಸ್ಸೆಷ್ಟು ನಿಮಗೆ?” ಮೇಸ್ತ್ರಿ ಗದರಿದ.

“ಐವತ್ತಾರು,” ಅಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತ.

“ಸುಳ್ಳು! ಐವತ್ತೇಳು!”

“ಚಾಡಿಕೋರ!” ಎಂದು ಅವಳು ತಮ್ಮನ ಭುಜಕ್ಕೆ ಗುದ್ದಿದಳು. ಕಾರು ತೊಟ್ಟಿಲಿನಂತೆ ತೂಗಿತು. ಗುಂಡಿಯೊಳಗಿಂದಲೂ ಈಗ ನಗು ಕೇಳಿತು, ಅದರ ಹಿಂದೆಯೇ ತಲೆ ಕಬ್ಬಿಣಕ್ಕೆ ಬಡಿದ ಸದ್ದು, “ಅಯ್ಯೋ ನನ್ನಪ್ಪಾ!” ಅಲ್ಲಿಗೆ ಮೂವರ ಕಥೆಯೂ ಮುಗಿಯಿತು. ಬಾಯಿಪಾಠ ಮಾಡಿ ತಂದ ಮಾತಿನ ತಲೆ ಯಾವುದು, ಬಾಲ ಯಾವುದು ಎಂದು ಅಕ್ಕನಿಗೇ ತಿಳಿಯದಾಯಿತು.

ನಗು ಇಳಿದ ಮೇಲೆ ಮೇಸ್ತ್ರಿ ಸೋತ ದನಿಯಲ್ಲಿ ಹೇಳಿದ: “ಅಮ್ಮಾವ್ರ ಕಡೆ ಬೋಲ್ಟ್ ಆಯ್ತು. ಓಡಿಸೋರ ಕಡೇದು ಬಾಕಿ. ಇನ್ನು ಮೇಲೆ ಯಾರು ಓಡಿಸ್ತಾರೋ ಅವರೇ ಅಲ್ಲಿ ಕೂತಿರಿ.”

ತಮ್ಮ ಸ್ಟಿಯರಿಂಗಿನಿಂದ ಕೈ ತೆಗೆದ. ಆಮೇಲೆ ಇಳಿದು, ಸುತ್ತಿ ಬಂದು, ಅಕ್ಕನ ಬಾಗಿಲು ತೆರೆದ.

“ಆ ಕಡೆ ಕೂತ್ಕೋ.”

“ಯಾಕೋ?”

“ಇನ್ನೆರಡು ವರ್ಷ ಇದು ನಿನ್ನ ಭಾರ ಹೊರಬೇಕಲ್ಲ.”

ಅಕ್ಕ ಹೋಗಿ ಕೂತಳು. ಕಾಲು ಪೆಡಲಿಗೆ ಎಟುಕಲಿಲ್ಲ. ತಮ್ಮ ಗ್ರೀಸಿನ ನೆಲಕ್ಕೆ ಮೊಣಕಾಲೂರಿದ. ಸೀಟಿನಡಿಗೆ ಕೈ ಹಾಕಿ ಜಡ್ಡುಗಟ್ಟಿದ ಹಿಡಿಯನ್ನು ಎಳೆದು, ಹೆಗಲು ಕೊಟ್ಟು ನೂಕಿದ. ತುಕ್ಕು ಹಿಡಿದ, ಗರಗಸದಂತೆ ಹಲ್ಲಿದ್ದ ಕಂಬಿಯ ಮೇಲೆ ಸೀಟು ಕಟ್, ಕಟ್ ಎಂದು ಎರಡು ಹಲ್ಲು ಮುಂದೆ ಸರಿಯಿತು.

“ಸಾಕಾ ಅಕ್ಕ?” ತಲೆ ಎತ್ತದೆ ಕೇಳಿದ.

“ಇನ್ನೊಂದು ಹಲ್ಲು,” ಅಂದಳು.