ಬೂಮದ ಹೋಳಿಗೆ

ಅಮೃತಾ ಮುರಿದು ಕೊಟ್ಟ ಹೋಳಿಗೆಯ ತುಂಡು ಗಂಡನ ಹಲ್ಲಿಗೆ ತಾಗಿ ಅಲ್ಲೇ ನಿಂತಿತು. ತಾಳಿ ಕಟ್ಟಿ ಇನ್ನೂ ಒಂದು ತಾಸಾಗಿರಲಿಲ್ಲ. ಒಬ್ಬರಿಗೊಬ್ಬರು ತುತ್ತು ಕೊಡಲೆಂದು ಇಬ್ಬರನ್ನೂ ಬೂಮದೂಟಕ್ಕೆ ಕೂಡಿಸಿದ್ದರು.

“ಎಷ್ಟು ನಾಚತಿಯೋ ಗಂಗಾಧರ, ಬಾಯಿ ತಗಿ,” ಎಂದು ಸುತ್ತಲಿನ ಹೆಂಗಸರು ನಕ್ಕರು. ಅವನು ತೆರೆದೇ ಇದ್ದ. ಬಾಯಿ ತೆರೆಯುತ್ತಿದ್ದದ್ದೇ ಅಷ್ಟು: ಒಂದು ಬೆರಳು ಹೋಗುವಷ್ಟು ಸಂದು, ಅದರೊಳಗಿಂದ ಗುಟ್ಕಾದ ವಾಸನೆ.

ಹೆಣ್ಣು ನೋಡಲು ತಂಬ್ರಹಳ್ಳಿಗೆ ಬಂದ ದಿನ ಇವನು ಉಪ್ಪಿಟ್ಟು ಮುಟ್ಟದೆ ಬರೀ ಚಹಾ ಕುಡಿದು, ತುಟಿ ಬಿಚ್ಚದೆ ನಕ್ಕಿದ್ದ. ಗಂಭೀರ ಹುಡುಗನೆಂದು ಅಪ್ಪ ಅಲ್ಲೇ ಮಾತು ಕೊಟ್ಟಿದ್ದ. ಗುಟ್ಕಾ ತಿಂದು ಹೀಗೇ ಬಾಯಿ ಬಿಗಿದುಹೋಗಿದ್ದ ಅವಳ ಚಿಕ್ಕಪ್ಪ ದವಡೆ ತೆಗೆಸಿಕೊಂಡು, ಹೋದ ವರ್ಷ ತೀರಿಹೋಗಿದ್ದ. ಅಮೃತಾ ತುಂಡನ್ನು ಹಿಂದಕ್ಕೆ ತೆಗೆದುಕೊಂಡಳು.

ಆಗ ಅತ್ತೆ ಕಲ್ಯಾಣಮ್ಮ ಬಂದು, ಸೆರಗಿನ ಮರೆಯಿಂದ ಒಂದು ಬಟ್ಟಲು ತೆಗೆದು ಸೊಸೆಯ ಮುಂದಿಟ್ಟಳು. ಅದರಲ್ಲಿ ಹಾಲಿನಲ್ಲಿ ಮೊದಲೇ ಕಿವುಚಿಟ್ಟ ಹೋಳಿಗೆ, ಕೂಸಿಗೆ ಔಷಧ ಹಾಕುವಂಥ ಪುಟ್ಟ ಚಮಚ. ಚಮಚದ ತುದಿ ಸವೆದು ಹೋಗಿತ್ತು.

“ಇಷ್ಟು ದಿನ ನಾ ಉಣಿಸೀನವ್ವ,” ಎಂದು ಅತ್ತೆ ಅವಳ ಕಿವಿಯಲ್ಲಿ ಹೇಳಿದಳು. “ನನಗೂ ವಯಸ್ಸಾತು. ಇನ್ನ ನೀ ಉಣಸು.”