ಸೋಸಿದ ಹೊಗೆ

ಮಗ್ಗದ ಲಾಳಿಯ ಕಣ್ಣಿಗೆ ತುಟಿ ಹಚ್ಚಿ ಕೋದಂಡರಾಮಯ್ಯ ಮತ್ತೊಮ್ಮೆ ಉಸಿರೆಳೆದ. ಎಳೆ ಬರಲಿಲ್ಲ, ಕೆಮ್ಮು ಬಂತು.

ನೂಲು ಸುತ್ತಿದ ಕಂಡಿಕೆ ಮುಗಿದು ಹೊಸದನ್ನು ಹಾಕಿದಾಗಲೆಲ್ಲ, ಲಾಳಿಯ ಸಣ್ಣ ತೂತಿನಿಂದ ನೂಲನ್ನು ಬಾಯಲ್ಲಿ ಹೀರಿ ಹೊರಗೆ ತರಬೇಕು. ದೊಡ್ಡಬಳ್ಳಾಪುರದ ಮಗ್ಗದವರು ಅದನ್ನು ಮಾತಾಡುತ್ತಲೇ ಮಾಡಿ ಮುಗಿಸುತ್ತಾರೆ.

"ಏನ್ ಗುರು, ಇವತ್ತು ಲಾಳಿ ಮುತ್ತು ಕೊಡ್ತಿಲ್ವಾ?" ಪಕ್ಕದ ಮಗ್ಗದಿಂದ ಆದಿನಾರಾಯಣಪ್ಪ ಕೂಗಿದ.

"ಕಸ ಕಟ್ಕೊಂಡಿದೆ ಕಣಯ್ಯ," ಎಂದು ಕೋದಂಡರಾಮಯ್ಯ ಪಿನ್ನಿನಿಂದ ತೂತು ಕೆರೆದ.

ಮೂಲೆಯಲ್ಲಿ ಕಂಡಿಕೆ ಸುತ್ತುತ್ತಿದ್ದ ಮಗಳು ಅನಿತ ನೋಡುತ್ತಲೇ ಇದ್ದಳು. ಕಸ ಎಲ್ಲಿ ಕಟ್ಟಿದೆಯೆಂದು ಅವಳಿಗೆ ಗೊತ್ತಿತ್ತು. ಅಪ್ಪನ ಎದೆಯ ಎಕ್ಸ್‌ರೇ ನೋಡಿದ ಡಾಕ್ಟರು, ಸಿಗರೇಟು ಬಿಡದಿದ್ದರೆ ಮನುಷ್ಯ ಉಳಿಯುವುದಿಲ್ಲ ಎಂದಿದ್ದರು. ಅಪ್ಪ ಬಿಟ್ಟೂ ಇದ್ದ. ಅಷ್ಟರಲ್ಲಿ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿದ್ದ ಅಕ್ಕನ ಗಂಡ ಕುಮಾರ, ಮೆಜೆಸ್ಟಿಕ್ಕಿನ ಫುಟ್‌ಪಾತಿನಿಂದ ಬೆರಳುದ್ದದ ಪ್ಲಾಸ್ಟಿಕ್ ಫಿಲ್ಟರ್ ತಂದುಕೊಟ್ಟ. "ಸಿಗರೇಟಿನ ಹಿಂದಕ್ಕೆ ಸಿಕ್ಕಿಸಿಕೊಳ್ಳಿ ಮಾವ, ವಿಷ ಎಲ್ಲ ಇದರಲ್ಲೇ ನಿಂತ್ಬಿಡುತ್ತೆ."

ಅಲ್ಲಿಂದ ಅಪ್ಪ ಮೊದಲಿಗಿಂತ ಹೆಚ್ಚು ಸೇದತೊಡಗಿದ. ಅಮ್ಮ ಗೊಣಗಿದರೆ, "ಇದು ಸೋಸಿದ ಹೊಗೆ ಕಣೇ. ನೀನು ಕಾಫಿ ಸೋಸಲ್ವಾ?" ಎನ್ನುವನು. ಫಿಲ್ಟರ್ ತೊಳೆಯುವುದು ಅನಿತಳ ಪಾಲಿಗೆ ಬಂತು. ಕಡ್ಡಿಗೆ ಹತ್ತಿ ಸುತ್ತಿ ತಿರುವಿದರೆ ಮಗ್ಗದ ಗ್ರೀಸಿನಂಥ ಕಪ್ಪು ಬರುತ್ತಿತ್ತು. ಅದನ್ನು ಬಂದವರಿಗೆಲ್ಲ ತೋರಿಸಿ ಅಪ್ಪ ಹಿಗ್ಗುತ್ತಿದ್ದ: "ಇಷ್ಟೂ ನನ್ನೊಳಗೆ ಹೋಗ್ಬೇಕಿತ್ತು, ನೋಡಿ."

"ತಗೋ ಮಗಾ, ನೀನೊಂದ್ಸಲ ನೋಡು," ಎಂದು ಈಗ ಅಪ್ಪ ಲಾಳಿ ಚಾಚಿದ. "ಹೊಸ ಲಾಳಿನೇ ತರಬೇಕೇನೋ."

ಅನಿತ ಬಾಯಿಟ್ಟು ಸ್ವಲ್ಪವೇ ಹೀರಿದಳು. ಎಳೆ ಹಾರಿ ಬಂದು ನಾಲಿಗೆಗೆ ತಾಗಿತು. ಅದನ್ನು ಹಲ್ಲಿನಲ್ಲಿ ಕಚ್ಚಿ ತುಟಿ ಮುಚ್ಚಿಕೊಂಡಳು. ಬರಲಿಲ್ಲ ಅಂದರೆ ಅಪ್ಪನ ಮಾನ ಉಳಿಯುತ್ತದೆ. ಬಂತು ಅಂದರೆ ಅಪ್ಪ ಉಳಿದಾನು. ತುಟಿಯ ಸಂದಿಯಿಂದ ಕೆಂಪು ರೇಷ್ಮೆಯ ಎಳೆಯನ್ನು ಮೆಲ್ಲಗೆ ಗೇಣುದ್ದ ಎಳೆದು ತೋರಿಸಿದಳು.

"ಲಾಳಿ ಚೆನ್ನಾಗೇ ಇದೆ ಅಪ್ಪ."

ನಗಲು ಹೊರಟಿದ್ದ ಆದಿನಾರಾಯಣಪ್ಪ ಮುಖ ತಿರುಗಿಸಿಕೊಂಡ. ಅಪ್ಪ ಎಳೆಯನ್ನು ಬೆರಳಲ್ಲಿ ಹಿಡಿದು ನೋಡಿದ. ಆಮೇಲೆ ಗೋಡೆ ಹಿಡಿದುಕೊಂಡು ಹೊರಗೆ ಹೋಗಿ ಜಗಲಿಯ ಮೇಲೆ ಕೂತ. ಹಿಂದೆಯೇ ಬಂದ ಅನಿತ ಬಾಗಿಲಲ್ಲಿ ನಿಂತಳು. ಅಪ್ಪ ಜೇಬಿನಿಂದ ಫಿಲ್ಟರ್ ತೆಗೆದು ಚರಂಡಿಗೆ ಎಸೆದ. ಅವಳ ಎದೆ ಹಗುರವಾಯಿತು.

"ಸರಿಯಾಗೇ ಹೇಳ್ದೆ ಮಗಾ, ಲಾಳಿದೇನೂ ತಪ್ಪಿಲ್ಲ. ಆ ಹಾಳು ಫಿಲ್ಟರನ್ನ ಹೀರಿ ಹೀರಿ ನನ್ನ ಉಸಿರೆಲ್ಲ ಖಾಲಿಯಾಗಿದೆ," ಎನ್ನುತ್ತಾ ಅವನು ಬರಿಯ ಸಿಗರೇಟು ತುಟಿಗಿಟ್ಟು ಕಡ್ಡಿ ಗೀರಿದ. ಕಣ್ಣು ಮುಚ್ಚಿ ಒಂದು ದಮ್ಮೆಳೆದ.

"ಈಗ ನೋಡು, ಎಷ್ಟು ಸಲೀಸಾಗಿ ಬರುತ್ತೆ."