ಜಡೆಗೆ ಸೇರದ ಎಳೆ

ಮೆಂಗ್ ಮುಟ್ಟಿ ತೋರಿಸಿದ್ದು ಎಡಗಿವಿಯನ್ನೋ, ಬಲಗಿವಿಯನ್ನೋ? ಕ್ಷೌರಿಕ ಷೆನ್‌ಗೆ ನೆನಪಾಗಲೊಲ್ಲದು. ಕೈಫೆಂಗ್ ನಗರ ಗೆದ್ದ ಉತ್ತರದ ಜುರ್ಚೆನ್ನರ ಆಜ್ಞೆಯಂತೆ ಎಲ್ಲರೂ ತಲೆ ಬೋಳಿಸಿಕೊಂಡು, ಹಿಂದೆ ಒಂದು ಜಡೆ ಮಾತ್ರ ಬಿಡಬೇಕಿತ್ತು. ಬೋಳಿಸಿದ ಕೂದಲಿನ ಜೊತೆ ಅದರೊಳಗಿನ ನೆನಪೂ ಹೋಗುತ್ತಿತ್ತು. ಬೆಳಿಗ್ಗೆ ನೆರೆಮನೆಯ ಮೆಂಗ್ ಪಿಸುಗುಟ್ಟಿದ್ದ: "ಅಣ್ಣ, ಈ ಕಿವಿ ಮೇಲಿನ ಎಳೆಯಲ್ಲಿ ನನ್ನ ಮಗಳಿದ್ದಾಳೆ. ಹೇಗಾದರೂ ಜಡೆಗೆ ಸೇರಿಸಿಬಿಡು." ಆದರೆ ಮಧ್ಯಾಹ್ನ ಷೆನ್‌ನ ತಲೆಯೂ ಬೋಳಾಗಿ, ಯಾವ ಕಿವಿ ಎಂಬ ನೆನಪೂ ಹೋಗಿತ್ತು. ಈಗ ಮೆಂಗ್ ಅವನೆದುರು ತಲೆ ಬಗ್ಗಿಸಿ ಕೂತಿದ್ದ.

"ಏ ಮುದುಕ, ಬೋಳಿಸ್ತೀಯೋ, ಸವರ್ತಾ ಕೂರ್ತೀಯೋ?" ಪಕ್ಕದಲ್ಲಿದ್ದ ಸೈನಿಕ ಗದರಿದ.

ಷೆನ್ ಊಹೆಯ ಮೇಲೆ ಎಡಗಿವಿಯ ಎಳೆಯನ್ನು ಜಡೆಗೆ ಸೇರಿಸಿ ಬಲದ್ದನ್ನು ಬೋಳಿಸಿದ.

ಬಾಗಿಲಲ್ಲಿ ಹುಡುಗಿಯೊಬ್ಬಳು ಮೆಂಗ್‌ನನ್ನು ನೋಡಿ "ಅಪ್ಪಾ" ಎಂದಳು.

ಮೆಂಗ್ ನಕ್ಕ. "ನಿನ್ನ ಮಗಳಾ ಅಣ್ಣ? ಎಷ್ಟು ಮುದ್ದಾಗಿದ್ದಾಳೆ!"

ಷೆನ್ ಕತ್ತಿ ಒರೆಸಿದ. ನೆಲಕ್ಕೆ ಬಿದ್ದಿದ್ದ ಬಲಗಿವಿಯ ಎಳೆಯನ್ನು ಹೆಕ್ಕಿ ಅವಳ ಕೈಗಿಟ್ಟ.